ಚಮನಸಾಬನ ಗಿಡ್ಡ ಚೆಂಡುಹೂ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಸಾಲು ಬಲಕ್ಕೆ ಸಾಗಿದಂತೆ ಕೆಳಗೆ ಇಳಿಯುತ್ತದೆ. ಆರನೆಯ ಇಯತ್ತೆಯ ನಡುವೆಯೇ ಶಾಲೆ ಬಿಟ್ಟವಳು ನಾನು, ಆದ್ದರಿಂದ ಮಾತುಗಳೂ ಸಾಕಷ್ಟಿಲ್ಲ. ಗೊತ್ತಿರುವ ಮಾತಿನಲ್ಲೇ, ಕೇಳಿದ್ದನ್ನು ಕೇಳಿದ ಹಾಗೆ, ಮೂರು ಸಲ ತಿದ್ದಿ ಬರೆದಿದ್ದೇನೆ. ಚಮನಸಾಬ ನನಗೆ ದೊಡ್ಡಪ್ಪ ಆಗಬೇಕು. ಹೆಸರು ಹಿಡಿದು 'ಅವನು' ಎಂದು ಬರೆದದ್ದಕ್ಕೆ ಮನೆಯ ಹಿರಿಯರು ಸಿಟ್ಟಾಗಬಾರದು.

ಸಿಂದಗಿಯ ಊರ ಹೊರಗೆ ಒಂದು ಹಳೆಯ ಬಾವಿ. ಅದರ ಸುತ್ತ ಚಮನಸಾಬ ಬಾಗವಾನನ ಎರಡು ಎಕರೆ ತೋಟ. ಒಂದು ಎಕರೆಯಲ್ಲಿ ಸೌತೆ, ಬದನೆ, ಮೆಣಸಿನಕಾಯಿ, ಇನ್ನೊಂದರಲ್ಲಿ ಹೂವು. ಅವನ ಸೌತೆಕಾಯಿ ಕಹಿಯಾಗುವುದಿಲ್ಲ ಎಂಬ ಮಾತು ಸಂತೆಗೆ ಬರುವ ಹೆಂಗಸರಿಗೆಲ್ಲ ಗೊತ್ತಿತ್ತು. ಅವರು ಬೇರೆಯವರ ಬುಟ್ಟಿಯ ಕಾಯಿ ಮುರಿದು ನೆಕ್ಕಿ ನೋಡುತ್ತಿದ್ದರು, ಅವನ ಬುಟ್ಟಿಯದನ್ನು ಹಾಗೇ ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ಇದರ ಗುಟ್ಟು ಇಷ್ಟೇ. ಬೀಜಕ್ಕೆ ಬಿಟ್ಟ ಬಳ್ಳಿಯ ಹತ್ತಿರ ಬೇರೆ ಜಾತಿಯ ಬಳ್ಳಿಯನ್ನು ಅವನು ಸುಳಿಯಗೊಡುತ್ತಿರಲಿಲ್ಲ. ಇಲ್ಲಿ ನಿಂತು ಕೂಗಿದರೆ ಕೇಳಿಸದಷ್ಟು ದೂರದಲ್ಲಿ ಅದು ಇರಬೇಕು. ಪಕ್ಕದ ಹೊಲದವನು ಬದುವಿನ ಮೇಲೆ ಒಂದು ಹಾಗಲಬಳ್ಳಿ ಹಬ್ಬಿಸಿದರೂ ಚಮನಸಾಬನಿಗೆ ಸಂಕಟ. ಹಾಗಲ ಮತ್ತು ಸೌತೆ ಕೂಡುವುದಿಲ್ಲವೆಂದು ಎಷ್ಟು ಹೇಳಿದರೂ, "ಕೂಡೂದಿಲ್ಲ ಅಂತ ನಿನಗ ಬರದು ಕೊಟ್ಟೈತೇನು ಅದು?" ಎಂದು ಕೇಳುತ್ತಿದ್ದ.

ಅವನ ಪೈಕಿಯ ತೋಟದವರಲ್ಲಿ ಬೀಜವನ್ನು ಮಾರುವ ರೂಢಿ ಇರಲಿಲ್ಲ. ಮೃಗಶಿರ ಮಳೆಗೆ ಮುಂಚೆ ಒಂದು ಮುಷ್ಟಿ ಬೀಜವನ್ನು ಅರಿವೆಯ ತುಂಡಿನಲ್ಲಿ ಕಟ್ಟಿ ಕೊಡುವುದು, ತಾನು ಬೇರೊಂದು ಬೀಜ ತರುವುದು. ಇಂಡಿಯಿಂದ ಮೆಣಸಿನಕಾಯಿ, ನಾಲತವಾಡದಿಂದ ಬದನೆ, ಬಾಗೇವಾಡಿಯಿಂದ ಕುಂಬಳ ಹೀಗೆ ಅವನ ತೋಟಕ್ಕೆ ಬರುತ್ತಿದ್ದವು. ಬೀಜ ಹುಟ್ಟಿದರೆ ಆ ಅರಿವೆಯಲ್ಲಿ ಮರುವರ್ಷ ತಮ್ಮ ಬೀಜ ತುಂಬಿ ಕಳಿಸುತ್ತಿದ್ದರು. ಹುಟ್ಟದಿದ್ದರೆ ಅರಿವೆ ಬರಿದಾಗಿಯೇ ವಾಪಸು ಬರುತ್ತಿತ್ತು. ಅದರ ಜೊತೆ ಮಾತು ಬೇಕಾಗಿರಲಿಲ್ಲ. ಚಮನಸಾಬನ ಐವತ್ತು ವರ್ಷದಲ್ಲಿ, ಅವನ ಅಪ್ಪನ ಕಾಲದಲ್ಲೂ, ಆ ಮನೆಗೆ ಬರಿದಾದ ಅರಿವೆ ಬಂದಿರಲಿಲ್ಲ. ಅವನು ಪ್ರತಿ ಗಂಟಿನಿಂದ ನಾಲ್ಕು ಬೀಜ ಹಲ್ಲಿನಲ್ಲಿ ಕಡಿದು, ಒಳಗೆ ತಿರುಳಿದೆ ಎಂದು ನೋಡಿಯೇ ಕಟ್ಟುತ್ತಿದ್ದ. ಚೆಂಡುಹೂವಿನ ಬೀಜ ಮಾತ್ರ ಸೂಜಿಯಷ್ಟು ಸಣ್ಣ, ಹಲ್ಲಿಗೆ ಸಿಗುವುದಿಲ್ಲ. ಅದೊಂದನ್ನು ಕಣ್ಣಳತೆಯಲ್ಲೇ ಕೊಡುತ್ತಿದ್ದ.

ಸಾವಿರದ ಒಂಬೈನೂರ ಐವತ್ತಾರರಲ್ಲಿ ಇಂಡಿಯ ಒಂದು ಬಂಗಲೆಯ ಮಾಲಿ ಮಾಳಿಂಗಪ್ಪ ಅವನಿಗೆ ಒಂದು ಹೊಸ ಬೀಜ ಕೊಟ್ಟ. ಗೇಣುದ್ದದ ಗಿಡ, ರೂಪಾಯಿಯಗಲದ ಹೂವು, ಕಂದುಗೆಂಪು ದಳಕ್ಕೆ ಹಳದಿ ಅಂಚು. ಮುಟ್ಟಿದರೆ ಮಖಮಲ್ಲಿನ ಹಾಗೆ ಇರುತ್ತದೆಂದು ಅದಕ್ಕೆ ಮಖಮಲಿ ಚೆಂಡು ಎನ್ನುತ್ತಿದ್ದರು. ಹಾರದಲ್ಲಿ ನಡುನಡುವೆ ಸಿಕ್ಕಿಸಲು ಚೆಂದ ಎಂದು ಚಮನಸಾಬ ತನ್ನ ಎತ್ತರದ ಕೇಸರಿ ಚೆಂಡುಹೂವಿನ ಮಡಿಯ ಸುತ್ತ ಅಂಚಿಗೆ ಅದನ್ನು ಹಚ್ಚಿದ. ಹಣ್ಣು ತರಕಾರಿಯಲ್ಲಿ ಅಷ್ಟು ನೇಮ ಇಟ್ಟುಕೊಂಡವನು ಹೂವಿನಲ್ಲಿ ಯಾಕೆ ಸಡಿಲ ಬಿಟ್ಟ ಎಂದು ಕೇಳಿದರೆ, "ಹೂವು ಯಾರು ತಿಂತಾರ?" ಎಂಬುದು ಅವನ ಉತ್ತರ.

ಮರುವರ್ಷದ ದಸರೆಗೆ ಎತ್ತರದ ಗಿಡಗಳ ಮಡಿಯಲ್ಲಿ ಹನ್ನೊಂದು ಗಿಡ ಬೇರೆಯಾಗಿ ಕಂಡವು. ಎದೆಯೆತ್ತರ ಬೆಳೆಯಬೇಕಾದ ಜಾಗದಲ್ಲಿ ಮೊಣಕಾಲೆತ್ತರಕ್ಕೆ ನಿಂತುಬಿಟ್ಟಿದ್ದವು. ಚಮನಸಾಬ ಮೊದಲು ಬೇರಿಗೆ ಹುಳ ಬಿದ್ದಿದೆ ಎಂದುಕೊಂಡ. ವಾರ ಕಳೆಯುವುದರೊಳಗೆ ಅವು ಹೂ ಬಿಟ್ಟವು. ಬುಡದಿಂದ ತುದಿಯವರೆಗೆ, ಎಲೆ ಕಾಣದ ಹಾಗೆ. ಹೂವು ಮಖಮಲಿಗಿಂತ ದೊಡ್ಡದು, ಗಟ್ಟಿ, ಕೇಸರಿಯ ಮೇಲೆ ಕೆಂಪು ಎಳೆದಂತೆ. ದೀಪಾವಳಿಯ ಗಾಳಿಗೆ ಎತ್ತರದ ಗಿಡಗಳು ಮಲಗಿಕೊಂಡವು, ಇವು ಅಲುಗಲಿಲ್ಲ. ಎತ್ತರದವು ಎಳ್ಳ ಅಮಾವಾಸ್ಯೆಗೆ ಒಣಗಿದವು, ಇವು ಹೋಳಿಯವರೆಗೂ ಬಿಡುತ್ತಲೇ ಇದ್ದವು.

ಹೆಂಡತಿ ರಮಜಾನಬಿ ಬುಟ್ಟಿ ಹಿಡಿದು ಬಂದವಳು, "ಇವಕ್ಕ ದಣಿವು ಇಲ್ಲೇನ್ರಿ?" ಎಂದಳು.

"ಇವು ನಮ್ಮ ಮನ್ಯಾಗ ಹುಟ್ಟ್ಯಾವ. ದಣಿಯೂದು ಯಾರ ಹಂತೇಲಿ ಕಲೀಬೇಕು?"

"ನಾ ದಿನಾ ದಣೀತೇನಿ. ನನ್ನ ನೋಡಿ ಕಲತಿಲ್ಲ ಅಂದ್ರ ಇವು ನಿಮ್ಮ ಕಡಿಯವ."

ಆ ಹನ್ನೊಂದು ಗಿಡದ ಒಣಹೂಗಳನ್ನು ಅವನು ಬೇರೆ ತೆಗೆದಿಟ್ಟ. ತಿಕ್ಕಿದರೆ ಕರಿಯ ಸೂಜಿಯಂಥ ಬೀಜ ಉದುರಿದವು, ಎತ್ತರದ್ದರ ಬೀಜದ ಹಾಗೆಯೇ. ಸ್ವಲ್ಪ ಹಗುರ ಅನ್ನಿಸಿತು. ಗಿಡ್ಡ ಗಿಡ, ಅದರ ಬೀಜವೂ ಹಗುರ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡ. ಐವತ್ತೆಂಟರಲ್ಲಿ ಬಿತ್ತುವಾಗ ಬೀಜ ಕಡಿಮೆ ಇತ್ತೆಂದು ಬೇರೆ ಸಸಿಮಡಿ ಮಾಡದೆ, ಎತ್ತರದ ಬೀಜ ಚೆಲ್ಲಿದ ಮಡಿಯಲ್ಲೇ ಅದನ್ನೂ ಚೆಲ್ಲಿದ. ಹತ್ತೊಂಬತ್ತು ಗಿಡ್ಡ ಗಿಡ ಬಂದವು. ಗಿಡ್ಡದರ ಬೀಜಕ್ಕೆ ಗಿಡ್ಡವೇ ಹುಟ್ಟಿತು, ತಳಿ ನಿಂತಿತು ಎಂದು ಅವನು ನಂಬಿದ. ಯಾರಾದರೂ ನಂಬುತ್ತಿದ್ದರು.

ಐವತ್ತೊಂಬತ್ತರ ಮೃಗಶಿರಕ್ಕೆ ಮೂರು ಗಂಟು ಕಟ್ಟಿದ. ಒಂದು ಮಾಳಿಂಗಪ್ಪನಿಗೆ ಇಂಡಿಗೆ. ಒಂದು ನಾಲತವಾಡದ ಗುರಲಿಂಗಪ್ಪನಿಗೆ. ಮುದ್ದೇಬಿಹಾಳದ ಪೇಟೆಗೆ ಹೂವು ಹಾಕುವ ಚುರುಕಿನ ಹುಡುಗ ಅವನು. ಮೂರನೆಯದು ರಮಜಾನಬಿಯ ಅಕ್ಕ ಪೀರಬಿಗೆ. ಅವಳು ಬಸವನ ಬಾಗೇವಾಡಿಯಲ್ಲಿ ಹಿತ್ತಲಲ್ಲಿ ಹೂ ಬೆಳೆದು ತಾನೇ ಕಟ್ಟಿ ಮಾರುವವಳು. ಉಳಿದದ್ದನ್ನು ತಾನು ಹಿಂದಿನಂತೆಯೇ ಎತ್ತರದ್ದರ ಜೊತೆ ಚೆಲ್ಲಿದ.

ದಸರೆಯ ಹೊತ್ತಿಗೆ ಅವನ ತೋಟದಲ್ಲಿ ಮೂವತ್ತರ ಮೇಲೆ ಗಿಡ್ಡ ಗಿಡಗಳು ಹೂ ತುಂಬಿ ನಿಂತಿದ್ದವು. ಅದೇ ವಾರ ಇಂಡಿಯಿಂದ ಬರಿದಾದ ಅರಿವೆ ಬಂತು. ಎಂಟು ದಿನ ಬಿಟ್ಟು ಬಾಗೇವಾಡಿಯಿಂದ ಎರಡನೆಯದು. ಮೂರನೆಯದನ್ನು ಗುರಲಿಂಗಪ್ಪ ತಾನೇ ತಂದ. ತೋಟದ ಬಾಯಲ್ಲಿ ನಿಂತು ಹೂಗಳನ್ನು ಒಂದು ಸುತ್ತು ನೋಡಿದ.

"ಕಾಕಾ, ನಿಮ್ಮ ಮನ್ಯಾಗಿನ ಹಂಚು ದೊಡ್ಡದೈತೇನ್ರಿ?"

"ಯಾಕೋ?"

"ಬೀಜ ಭಾಳ ಹದವಾಗಿ ಹುರದಾವ. ಒಂದೂ ಸೀದಿಲ್ಲ, ಒಂದೂ ಹುಟ್ಟಿಲ್ಲ."

ಚಮನಸಾಬನಿಗೆ ಮಾತು ತಿಳಿಯಲು ಒಂದು ಕ್ಷಣ ಹಿಡಿಯಿತು. ತಿಳಿದ ಮೇಲೆ ಕೈಯಲ್ಲಿದ್ದ ಕಳೆ ತೆಗೆಯುವ ಕುರ್ಪಿಯನ್ನು ನೆಲಕ್ಕೆ ಇಳಿಸಿದ. "ನಾ ಹುರದು ಕೊಟ್ಟೇನಿ ಅಂತೀ?"

"ನಾ ಅನ್ನೂದಿಲ್ರಿ. ನಿಮ್ಮ ಮಡಿ ಅಂತೈತಿ. ಒಂದ ಬೀಜ. ಇಲ್ಲಿ ಹುಟ್ಟತೈತಿ, ನಮ್ಮಲ್ಲಿ ಹುಟ್ಟೂದಿಲ್ಲ. ಇಂಡಿಯೊಳಗ ಹುಟ್ಟೂದಿಲ್ಲ, ಬಾಗೇವಾಡ್ಯಾಗ ಹುಟ್ಟೂದಿಲ್ಲ. ಸಿಂದಗಿ ಮಣ್ಣಿಗೆ ಕೋಡು ಮೂಡ್ಯಾವೇನು?"

ಅರಿವೆಯನ್ನು ಬೇಲಿಯ ಮೇಲೆ ಹಾಕಿ ಹೋದ.  ತಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆನಲ್ಲ ಎಂಬುದೇ ಚಮನಸಾಬನಿಗೆ ಹೆಚ್ಚು ಉರಿಯಿತು.

ಮೂರನೆಯ ದಿನ ಎದ್ದು ಮಖಮಲಿಯ ಅಂಚನ್ನೆಲ್ಲ ಬುಡಸಹಿತ ಕಿತ್ತು ತಿಪ್ಪೆಗೆ ಎಸೆದ. ಸೌತೆಯಲ್ಲಿ ನಲವತ್ತು ವರ್ಷ ಪಾಲಿಸಿದ ನೇಮ ಅವನ ತಲೆಯಲ್ಲಿತ್ತು. ಕಹಿ ಬಳ್ಳಿಯ ಸೋಂಕಿನಿಂದ ಸಿಹಿ ಬಳ್ಳಿ ಕೆಡುವಂತೆ, ಪಕ್ಕದ ಈ ಕುಳ್ಳ ಮಖಮಲಿಯೇ ಗಿಡ್ಡ ಚೆಂಡಿನ ಬೀಜವನ್ನು ಕೆಡಿಸಿದೆ, ಅದಕ್ಕೇ ಕೆಲವು ಹುಟ್ಟುತ್ತವೆ, ಕೆಲವು ಹುಟ್ಟುವುದಿಲ್ಲ ಎಂದು ಅವನ ಲೆಕ್ಕ. ಆ ಮಡಿಯ ಎತ್ತರದ ಗಿಡಗಳ ಹೂವನ್ನೂ ಬೀಜಕ್ಕೆ ಬಿಡದೆ ದೀಪಾವಳಿಗೆ ಪೂರ್ತಿ ಕೊಯ್ದು ಮಾರಿದ. ಎತ್ತರದ್ದರ ಬೀಜವನ್ನು ತೋಟದ ಇನ್ನೊಂದು ಕೊನೆಯ ನಾಲ್ಕು ಗಿಡಗಳಿಂದ ಹಿಡಿದ. ನಡುವೆ ಗಿಡ್ಡ ಗಿಡಗಳು ಮಾತ್ರ ಉಳಿದವು, ಶುದ್ಧವಾಗಿ.

ಅರವತ್ತರ ಮುಂಗಾರಿಗೆ ಗುರಲಿಂಗಪ್ಪನಿಗೆ ಹೇಳಿ ಕಳಿಸಿ ಕರೆಸಿದ. ಅವನ ಕಣ್ಣೆದುರಿಗೇ ಹೊಸ ಮಡಿ ಕಡಿದು, ಗಿಡ್ಡ ಗಿಡದ ಬೀಜವನ್ನಷ್ಟೇ ಬಿತ್ತಿ, ನೀರು ಚಿಮುಕಿಸಿದ. "ಇಪ್ಪತ್ತು ದಿನಾ ಬಿಟ್ಟು ಬಾ. ನಿನ್ನ ಕೈಲೇನ ಸಸಿ ಕಿತ್ತು ಒಯ್ಯಿ" ಎಂದ.

ಐದನೆಯ ದಿನ ಮೊಳಕೆ ಕಾಣಬೇಕಿತ್ತು. ಹತ್ತನೆಯ ದಿನ ಚಮನಸಾಬ ಮಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಮಣ್ಣು ಕೆದರಿದ. ಬೀಜಗಳು ಬಿತ್ತಿದ ಹಾಗೆಯೇ ಇದ್ದವು, ಒತ್ತಿದರೆ ಚಪ್ಪಟೆಯಾಗುತ್ತಿದ್ದವು. ಇಪ್ಪತ್ತನೆಯ ದಿನ ಗುರಲಿಂಗಪ್ಪ ಬಂದಾಗ ಮಡಿಯಲ್ಲಿ ಎರಡು ಹುಲ್ಲುಗರಿ ಇದ್ದವು.

"ಇದೇನ್ರಿ ಕಾಕಾ, ಕೊಡಾಕೂ ಹುರದದ್ದು, ತೋರಸಾಕೂ ಹುರದದ್ದು?" ಎಂದ ಅವನು. "ಖರೆ ಬೀಜ ಎಲ್ಲಿಟ್ಟೀರಿ? ನಿಮ್ಮ ತೋಟದಾಗ ಹುಟ್ಟೂದಿಲ್ಲ ಅಂತ ತೋರಿಸಿದ್ರ ನಾವು ನಂಬಿಬಿಡತೀವಿ ಅಂತ ಮಾಡೀರಿ."

ಚಮನಸಾಬ ಅಲ್ಲಾನ ಮೇಲೆ ಆಣೆ ಮಾಡಲು ಬಾಯಿ ತೆರೆದು ಮುಚ್ಚಿದ. ಬೀಜದ ಮಾತಿಗೆ ಆಣೆ ಹಾಕುವ ಗತಿ ಬಂತೇ ಎಂದು ಅವನಿಗೆ ನಾಚಿಕೆಯಾಗಿರಬೇಕು.

ಆ ವರ್ಷ ಎತ್ತರದ ಗಿಡಗಳ ನಡುವೆಯೂ ಒಂದೇ ಒಂದು ಗಿಡ್ಡ ಗಿಡ ಬರಲಿಲ್ಲ. ಉಳಿದ ಹಳೆಯ ಗಿಡಗಳಿಂದ ಮೊದಲೇ ಕಡ್ಡಿ ಮುರಿದು ನೆಟ್ಟಿದ್ದ; ಯುಗಾದಿಯ ಬಿಸಿಲಿಗೆ ಅವೂ ಸುಟ್ಟುಹೋಗಿದ್ದವು. ಅರವತ್ತೊಂದರ ಮೃಗಶಿರಕ್ಕೆ ಯಾವ ಊರಿನಿಂದಲೂ ಬೀಜದ ಗಂಟು ಬರಲಿಲ್ಲ. ಅವನು ಕೊಟ್ಟು ಕಳಿಸಿದ ಸೌತೆಬೀಜವನ್ನು ಗಂಟು ಬಿಚ್ಚದೆ ತಿರುಗಿಸಿದರು. ಪೇಟೆಯ ಅಂಗಡಿಯಿಂದ ಮೆಣಸಿನ, ಬದನೆಯ ಬೀಜ ತಂದು ಹಾಕಿದ. ಮೆಣಸಿನಲ್ಲಿ ಅರ್ಧ ಗಿಡ ಉದ್ದಕಾಯಿ, ಅರ್ಧ ಗಿಡ ದುಂಡುಕಾಯಿ. ಬದನೆಯಲ್ಲಿ ಮುಳ್ಳು. ಗಿಡ ನೋಡಿದಾಗಲೆಲ್ಲ ಅವನು ಅಂಗಡಿಯವನನ್ನು ಬಯ್ಯುತ್ತಿದ್ದ, ನಂತರ ಗುರಲಿಂಗಪ್ಪನನ್ನು, ನಂತರ ಮಳೆಯನ್ನು.

"ನನ್ನ ಅಪ್ಪಗ ನಾಕ ಊರಿನ ಬೀಜ ಬರ್ತಿದ್ದು" ಎಂದ ಒಂದು ಮುಂಜಾನೆ. "ನನಗ ಅಂಗಡೀದು."

ರಮಜಾನಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಇಲ್ಲಿ ಕುಂತು ಬೈದ್ರ ಬೀಜ ಹುಟ್ಟತಾವೇನು? ಬಾಗೇವಾಡಿ ಪೀರಬಿ ಆಪಾ ಹೇಳಿ ಕಳಿಸ್ಯಾಳ. ಅವರ ಓಣ್ಯಾಗ ಹೆಣ್ಣುಮಕ್ಕಳ ಸಾಲಿ ಅಕ್ಕೋರು ಅದಾರಂತ. ಧಾರವಾಡದಾಗ ಗಿಡದ ವಿದ್ಯಾನ ಓದ್ಯಾರಂತ. ಹೋಗಿ ಕೇಳ್ರಿ."

"ನಾ ಗಿಡದಾಗ ಹುಟ್ಟಿ ಗಿಡದಾಗ ಮುದುಕ ಆಗೇನಿ. ಸಾಲಿ ಅಕ್ಕೋರಿಗೆ ಕೇಳಲೇನು?"

"ಹಂಗಾರ ಅಂಗಡಿ ಬದನಿಕಾಯಿ ತಿನ್ರಿ. ಮುಳ್ಳು ತಗದು ಹಾಕಿದೇನಿ."

ಹಾಗೆಂದರೂ ಅವನು ಹೋಗಲು ಒಂದು ವರ್ಷ ಹಿಡಿಯಿತು. ಅರವತ್ತೆರಡರ ಶ್ರಾವಣದಲ್ಲಿ, ಉಳಿದಿದ್ದ ಗಿಡ್ಡ ಬೀಜದ ಜೊತೆ ಎತ್ತರದ್ದರ ಬೀಜವನ್ನೂ ಪೊಟ್ಟಣ ಕಟ್ಟಿ ಕಿಸೆಯಲ್ಲಿಟ್ಟುಕೊಂಡು ಬಾಗೇವಾಡಿಯ ಮೋಟಾರು ಹತ್ತಿದ. ಅಂದು ಶಾಲೆಗೆ ಸೂಟಿ. ಮರುವಾರ ಮತ್ತೆ ಹೋದ.

ಆ ಅಕ್ಕೋರ ಹೆಸರು ಇಂದ್ರಾಬಾಯಿ. ಮೂವತ್ತರ ಆಸುಪಾಸು. ಅವನ ಕಥೆಯನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ನಂತರ ಎತ್ತರದ್ದರ ಒಂದು ಬೀಜ, ಗಿಡ್ಡದರ ಒಂದು ಬೀಜ ಹಲಗೆಯ ಮೇಲಿಟ್ಟು ಬ್ಲೇಡಿನಿಂದ ಉದ್ದುದ್ದ ಸೀಳಿದರು. ಒಂದರಲ್ಲಿ ಬಿಳಿಯ ತಿರುಳಿತ್ತು. ಇನ್ನೊಂದು ಟೊಳ್ಳು. ಹತ್ತು ಸೀಳಿದರು, ಹತ್ತೂ ಟೊಳ್ಳು.

"ಇದು ಬೀಜ ಅಲ್ಲ, ಬೀಜದ ಸಿಪ್ಪಿ" ಎಂದರು. "ಯಾಕ ಅನ್ನೂದು ನನಗ ಅನಿಸಾಕತ್ತೈತಿ. ಆದ್ರ ಖಾತ್ರಿ ಇಲ್ಲದ ಹೇಳೂದಿಲ್ಲ. ನಮ್ಮ ಗುರುಗಳಿಗೆ ಬರೀತೇನಿ."

ಇನ್ನೂ ಮೂರು ವಾರ. ಮೂರನೆಯ ಸಲ ಹೋದಾಗ ಧಾರವಾಡದ ಕಾಗದ ಬಂದಿತ್ತು. ಪೀರಬಿ ಜಗುಲಿಯ ಮೇಲೆ ಹೂ ಕಟ್ಟುತ್ತ ಕುಳಿತಿದ್ದಳು. ಇಂದ್ರಾಬಾಯಿ ಅವಳ ಬಾಳೆನಾರಿನ ಕಟ್ಟಿನಿಂದ ಎಳೆ ಬಿಡಿಸಿ ಚಮನಸಾಬನ ಮುಂದೆ ಹಾಸಿದರು.

"ಪ್ರತಿ ಗಿಡದೊಳಗ, ಕಣ್ಣಿಗೆ ಕಾಣದಷ್ಟು ಸಣ್ಣ ಕಣದಾಗ, ಇಂಥ ಎಳಿ ಇರ್ತಾವ. ಪುಸ್ತಕದಾಗ ವರ್ಣತಂತು ಅಂತಾರ. ಗಿಡ ಎತ್ತರೋ ಗಿಡ್ಡೋ, ಹೂವು ಕೇಸರಿಯೋ ಕೆಂಪೋ, ಎಲ್ಲಾ ಅದರಾಗ ಬರದಿರತೈತಿ. ಜಾತಿಗೊಂದು ಲೆಕ್ಕ. ನಿಮ್ಮ ಎತ್ತರದ ಚೆಂಡಿಗೆ ಇಪ್ಪತ್ನಾಕು. ಮಖಮಲಿಗೆ ನಲವತ್ತೆಂಟು."

"ಗೇಣುದ್ದ ಗಿಡಕ್ಕ ಜಾಸ್ತೀನ? ಇದ್ಯಾವ ನ್ಯಾಯ್ರಿ ಅಕ್ಕೋರ?"

"ನ್ಯಾಯ ನಾ ಮಾಡಿದ್ದಲ್ಲ. ಕೇಳ್ರಿ. ಬೀಜ ಆಗೂ ಮುಂದ ತಾಯಿ ತನ್ನ ಅರ್ಧ ಕೊಡ್ತಾಳ, ತಂದಿ ತನ್ನ ಅರ್ಧ. ನಿಮ್ಮ ಎತ್ತರದ ಹೂವಿನ ಮ್ಯಾಲ ಜೇನುಹುಳ ಮಖಮಲಿ ಹುಡಿ ತಂದು ಉದುರಿಸೈತಿ. ತಾಯಿದು ಹನ್ನೆರಡು, ತಂದಿದು ಇಪ್ಪತ್ನಾಕು. ಒಟ್ಟು ಮೂವತ್ತಾರು. ಆ ಕೂಸು ನಿಮ್ಮ ಗಿಡ್ಡ ಚೆಂಡು. ತಂದೀಯಿಂದ ಗಿಡ್ಡತನ, ತಾಯಿಯಿಂದ ದೊಡ್ಡ ಹೂವು."

ಚಮನಸಾಬ ಎಳೆಗಳನ್ನೇ ನೋಡುತ್ತಿದ್ದ. "ಮತ್ತ ಅದು ಯಾಕ ಬೀಜ ಕಟ್ಟೂದಿಲ್ಲ?"

"ಕಟ್ಟಬೇಕಾದ್ರ ಅದರ ಎಳಿ ಜೋಡಿ ಆಗಿ ಸರಿ ಅರ್ಧ ಆಗಬೇಕು. ಇಲ್ಲಿ ನೋಡ್ರಿ, ಒಂದೊಂದು ಥರದ್ದೂ ಮೂರ ಮೂರು ಅದಾವ. ಎರಡು ಜೋಡಿ ಆದ್ರ ಮೂರನೇದು ಹೊರಗ. ಯಾವುದು ಯಾ ಕಡೆ ಹೋಗಬೇಕು ಗೊತ್ತಾಗದ ಎಲ್ಲಾ ಗೊಂದಲ ಆಗತೈತಿ. ಅದಕ್ಕ ಒಳಗ ಟೊಳ್ಳು. ಬೀಜ ಕಟ್ಟೂ ಕೆಲಸ ಇಲ್ಲದ್ದಕ್ಕ ಅದು ಹೋಳಿ ತನಕ ಹೂವ ಬಿಡತೈತಿ."

"ಖಚ್ಚರ ಇದ್ದಂಗ ಅನ್ರಿ" ಎಂದಳು ಪೀರಬಿ, ಹೂ ಕಟ್ಟುತ್ತಲೇ. "ಕುದುರಿ ಮತ್ತ ಕತ್ತಿಗೆ ಹುಟ್ಟಿದ್ದು. ಮೈ ತುಂಬ ದುಡೀತೈತಿ, ಮರಿ ಹಾಕೂದಿಲ್ಲ."

"ಅದ ಪೀರಬಿ. ಸರಿಯಾಗಿ ಅಂದಿ."

ಇಂದ್ರಾಬಾಯಿ ಕಾಗದವನ್ನು ಇನ್ನೊಮ್ಮೆ ನೋಡಿದರು. ಈ ಎರಡು ಹೂವೂ ನಮ್ಮ ನಾಡಿನವಲ್ಲ, ಸಮುದ್ರದಾಚೆಯ ದೇಶದಿಂದ ಬಂದವು ಎಂದು ಗುರುಗಳು ಬರೆದಿದ್ದರು. ಬಹಳ ಹಿಂದೆ ಎತ್ತರದ ಚೆಂಡು ಮತ್ತು ತೆಳುವಾದ ಎಲೆಯ ಇನ್ನೊಂದು ಕಾಡುಚೆಂಡು ಕೂಡಿಯೇ ಮಖಮಲಿ ಹುಟ್ಟಿರಬಹುದು, ಆಗ ಎಳೆಗಳೆಲ್ಲ ಎರಡು ಪಟ್ಟಾದ್ದರಿಂದ ಜೋಡಿ ಸಿಕ್ಕಿ ಅದಕ್ಕೆ ಬೀಜ ಬಂತು; ಇದು ಇನ್ನೂ ಊಹೆ ಎಂದೂ ಸೇರಿಸಿದ್ದರು. ಚಮನಸಾಬ ಇದನ್ನು ಎರಡು ಸಲ ಹೇಳಿಸಿಕೊಂಡ.

"ಅಂದ್ರ ಮಖಮಲಿ ಒಳಗ ನಮ್ಮ ಎತ್ತರದ್ದರ ರಗತ ಮೊದಲ ಐತಿ ಅನ್ರಿ."

"ಇರಬಹುದು ಅಂತ ಬರದಾರ."

"ನಾ ಅದನ್ನ ಹೊರಗಿನವ ಅಂತ ಕಿತ್ತು ತಿಪ್ಪಿಗೆ ಒಗದೆ." ಒಂದು ಎಳೆಯನ್ನು ಬೆರಳಿಗೆ ಸುತ್ತಿಕೊಂಡು, "ಒಗದದ್ದು ಗಿಡ್ಡದರ ತಂದೀನ್ನ" ಎಂದ.

ಪೀರಬಿ ಹೂವಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಅವನು ಗಿಡ್ಡ ಗಿಡವನ್ನು ಕಾಯಲು ಹೋಗಿ, ಅದು ಹುಟ್ಟುವ ದಾರಿಯನ್ನೇ ಕಡಿದಿದ್ದ. ಪ್ರತಿ ವರ್ಷ ಎತ್ತರದ ತಾಯಿಯ ಪಕ್ಕ ಮಖಮಲಿ ತಂದೆ ಇರಬೇಕು, ಎತ್ತರದ ಹೂವಿನ ಬೀಜವನ್ನೇ ಹಿಡಿಯಬೇಕು. ಗಿಡ್ಡದರ ಬೀಜವನ್ನು ಸಾವಿರ ವರ್ಷ ಬಿತ್ತಿದರೂ ಇಲ್ಲ. ಇಷ್ಟು ಗೊತ್ತಾಗಲು ಮೂರು ವರ್ಷ, ನಾಲ್ಕು ಊರಿನ ಬಾಯಿ. ಹೊರಡುವ ಮುಂಚೆ ಪೀರಬಿ ಅವನ ಕೈಗೆ ಕುಂಬಳಬೀಜದ ಒಂದು ಗಂಟು ಕೊಟ್ಟಳು. "ನಾ ನಂಬತೇನಿ ಚಮನಭಾಯಿ. ಮನೀ ಹೆಣ್ಣಮಗಳು ನಾ, ನಾ ನಂಬಿದ್ರ ಲೆಕ್ಕಕ್ಕಿಲ್ಲ. ಇಂಡಿಯವರು ನಂಬಬೇಕು."

ಮಖಮಲಿ ಇದ್ದದ್ದೂ ಇಂಡಿಯಲ್ಲಿ ಮಾತ್ರ. ದಸರೆಯ ಮರುದಿನ ಅವನು ಹೋದ. ಮಾಳಿಂಗಪ್ಪ ಬಂಗಲೆಯ ಅಂಗಳದಲ್ಲಿ ಬೇಲಿ ಕತ್ತರಿಸುತ್ತಿದ್ದ. ದಾರಿಯ ಎರಡೂ ಕಡೆ ಮಖಮಲಿ ಅರಳಿತ್ತು. ಚಮನಸಾಬ ಇಪ್ಪತ್ನಾಲ್ಕು, ನಲವತ್ತೆಂಟು, ಮೂವತ್ತಾರು ಎಂದು ಕಲಿತದ್ದನ್ನೆಲ್ಲ ಹೇಳಿದ. ನಡುವೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಹೇಳಿದ.

ಮಾಳಿಂಗಪ್ಪ ಕತ್ತರಿ ಒರೆಸಿಕೊಂಡ. "ಸಾಬ, ಮೊದಲು ಹುರದ ಬೀಜ ತಂದಿ, ಈಗ ಹುರದ ಮಾತು ತಂದೀ."

"ಒಂದ ಹಿಡಿ ಮಖಮಲಿ ಬೀಜ ಕೊಡು. ಎರಡ ವರ್ಷಕ್ಕ ಗಿಡ್ಡ ಗಿಡ ತಂದು ನಿನ್ನ ಅಂಗಳದಾಗ ಇಡ್ತೇನಿ."

"ಬೀಜ ಕೊಡೂದಿಲ್ಲ. ಹೂವೂ ಹೊರಗ ಹೋಗೂದಿಲ್ಲ. ನೀ ನಿನ್ನ ಎತ್ತರದ ಗಿಡ ಇಲ್ಲಿ ತಾ. ನನ್ನ ಮುಂದ ಏನ ಕೂಡಸ್ತೀ ಕೂಡಸು. ಬೀಜ ನಾ ಹಿಡೀತೇನಿ, ಬರೂ ವರ್ಷ ಇಲ್ಲೇ ನಾ ಬಿತ್ತತೇನಿ. ಗಿಡ್ಡ ಬಂತಂದ್ರ ನಾಲತವಾಡಕ್ಕ ನಾನ ಹೋಗಿ ಹೇಳತೇನಿ. ಬರಲಿಲ್ಲ ಅಂದ್ರ ಬೀಜದ ಮಾತು ನನ್ನ ಮುಂದ ಎತ್ತಬ್ಯಾಡ."

ಇನ್ನೂ ಒಂದು ವರ್ಷ, ಅದೂ ಮತ್ತೊಬ್ಬನ ಅಂಗಳದಲ್ಲಿ. ಚಮನಸಾಬ ಹಲ್ಲು ಕಚ್ಚಿ ಹೂಂ ಎಂದ.

ನಾಲ್ಕು ದಿನ ಬಿಟ್ಟು, ಮೊಗ್ಗು ಹಿಡಿದ ಆರು ಎತ್ತರದ ಗಿಡಗಳನ್ನು ಎಣ್ಣೆಯ ಡಬ್ಬಿಗಳಲ್ಲಿ ನೆಟ್ಟು ಮೋಟಾರಿನ ಮೇಲೇರಿಸಿದ. ದಾರಿಯ ಗಾಳಿಗೆ ಎರಡು ಮುರಿದವು. ಒಂದನ್ನು ಮೋಟಾರು ನಿಂತ ಊರಿನಲ್ಲಿ ಆಡು ತಿಂದಿತು. ಉಳಿದ ಮೂರನ್ನು ಮಖಮಲಿಯ ಪಕ್ಕ ಇಟ್ಟು, ಅರಳುವವರೆಗೆ ನೀರು ಹಾಕಲು ಮಾಳಿಂಗಪ್ಪನನ್ನು ಬೇಡಿಕೊಂಡು ಬಂದ.

ಹೋದ ಗುರುವಾರ ಅವು ಅರಳಿದವೆಂದು ಸುದ್ದಿ ಬಂದು, ಚಮನಸಾಬ ಮತ್ತೆ ಇಂಡಿಗೆ ಹೋದ. ಇಂದ್ರಾಬಾಯಿ ಹೇಳಿಕೊಟ್ಟದ್ದು ಹೀಗೆ. ಎತ್ತರದ ಹೂವಿನ ನಡುವಿನ ಸಣ್ಣ ಕೊಳವೆಗಳನ್ನು ಅರಳುವ ಮುಂಚೆಯೇ ಕಿತ್ತು ತೆಗೆಯಬೇಕು, ಅದರ ಸ್ವಂತ ಹುಡಿ ಅಲ್ಲಿರುತ್ತದೆ. ಸುತ್ತಲ ಒಂದೊಂದು ದಳದ ಬುಡದಲ್ಲೂ ಎರಡಾಗಿ ಸೀಳಿದ ಕೂದಲಿನಂಥ ಎಳೆ ಇರುತ್ತದೆ. ಮಖಮಲಿಯ ಹುಡಿಯನ್ನು ಅದಕ್ಕೆ ಮುಟ್ಟಿಸಿ ಹೂವಿಗೆ ತೆಳು ಅರಿವೆ ಕಟ್ಟಬೇಕು. ಚಮನಸಾಬನ ಬೆರಳು ಮಣ್ಣಿನಲ್ಲಿ ದುಡಿದು ಬಿರಿದ, ಬದನೆಕಾಯಿಯಷ್ಟು ದಪ್ಪದ ಬೆರಳು. ಮೊದಲ ಹೂವಿನ ಎಳೆಗಳು ಕೊಳವೆಯ ಜೊತೆಗೇ ಕಿತ್ತುಬಂದವು. ಎರಡನೆಯದರ ದಳ ಉದುರಿತು. ಹತ್ತಿ ಸುತ್ತಿದ ಕಡ್ಡಿ ಹಿಡಿದರೆ ಅದು ಬೆರಳಲ್ಲಿ ನಿಲ್ಲಲಿಲ್ಲ. ಕಣ್ಣು ಕಿರಿದು ಮಾಡಿ ಬಗ್ಗಿದಷ್ಟೂ ಬೆವರು ಹೂವಿನ ಮೇಲೆ ಬಿತ್ತು. ಮಾಳಿಂಗಪ್ಪ ಕಟ್ಟೆಯ ಮೇಲೆ ಕುಳಿತು ಎಣಿಸುತ್ತಿದ್ದ.

"ಐದು. ಐದ ಹೋದವು ಸಾಬ. ಜೇನುಹುಳದ ಕೂಡ ಕೂಲಿ ಮಾತಾಡು, ಅದು ನಿನಕಿಂತ ಚಲೋ ಮಾಡತೈತಿ."

ಹುಳದ ಮೇಲೆ ಬಿಟ್ಟರೆ ಹತ್ತರಲ್ಲಿ ಒಂದು ಕೂಡೀತು, ಕೂಡದೆಯೂ ಹೋದೀತು. ಸಿಕ್ಕಿರುವುದು ಒಂದೇ ಸಲ. ಚಮನಸಾಬ ಕಡ್ಡಿ ಎಸೆದು ಎದ್ದ. ಉಳಿದ ಮೊಗ್ಗುಗಳಿಗೆ ಅರಿವೆ ಕಟ್ಟಿ ಮನೆಗೆ ಬಂದ. ಒಂಬತ್ತು ಮೊಗ್ಗು ಉಳಿದಿವೆ, ಸೋಮವಾರದ ಹೊತ್ತಿಗೆ ಅರಳುತ್ತವೆ. ಊಟಕ್ಕೆ ಕುಳಿತಾಗ ತನ್ನ ಎರಡೂ ಕೈಗಳನ್ನು ಬೋರಲು ಹಿಡಿದು ನೋಡಿಕೊಂಡು, "ಇವು ಎದಕ್ಕೂ ಬರೂವಲ್ಲ" ಎಂದ.

"ಸಾಬೀರಾನ್ನ ಕರಕೊಂಡು ಹೋಗ್ರಿ" ಎಂದಳು ರಮಜಾನಬಿ, ಅವನ ತಾಟಿಗೆ ರೊಟ್ಟಿ ಹಾಕುತ್ತ. "ಅಕೀ ಬೆರಳು ಸಣ್ಣವು. ಮಾತು ಆಡೂದಿಲ್ಲ ಖರೆ. ಹೂವಿಗೆ ಮಾತು ಬೇಕಾಗೂದಿಲ್ಲ."

ಅವನು ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ.

ಸೋಮವಾರ ಮೊದಲ ಮೋಟಾರಿಗೆ ನಾನು ದೊಡ್ಡಪ್ಪನ ಜೊತೆ ಇಂಡಿಗೆ ಹೋಗಿ, ಆ ಒಂಬತ್ತು ಹೂಗಳಿಗೆ ಮಖಮಲಿಯ ಹುಡಿ ಹಚ್ಚಿ ಬರುತ್ತೇನೆ.